ರಬ್ಬರಿನ ಗುರುತು

ಬಳಿಚಕ್ರದಿಂದ ಬರುತ್ತಿದ್ದ ಹುಡುಗನೊಬ್ಬ ನನ್ನ ಪ್ರಯೋಗಾಲಯದಲ್ಲಿ ಸರಿಯಾದ ಉತ್ತರವೊಂದನ್ನು ರಬ್ಬರಿನಿಂದ ಉಜ್ಜಿ ತೆಗೆದ. ಉಜ್ಜಲು ಹೇಳಿದವನು ನಾನೇ.

ಮೇ ತಿಂಗಳು. ಯಾದಗಿರಿ ಸೀಮೆಯ ಬಿಸಿಲು ಕಂಡವರಿಗೆ ಹೆಚ್ಚು ಹೇಳಬೇಕಿಲ್ಲ. ಗೋಡೆಯ ಥರ್ಮಾಮೀಟರು 42 ತೋರಿಸುತ್ತಿತ್ತು; ಸದ್ದಾಗದಿರಲೆಂದು ಫ್ಯಾನೂ ಆರಿಸಿದ್ದೆವು. ಎಂಜಿನಿಯರಿಂಗ್ ಮೊದಲ ವರ್ಷದವರು ಶಬ್ದದ ವೇಗ ಅಳೆಯುತ್ತಿದ್ದರು. ನೀರು ತುಂಬಿದ ಕೊಳವೆ, ಅದರ ಬಾಯಿಯ ಮೇಲೆ 512 ಹರ್ಟ್ಸ್‌ನ ಟ್ಯೂನಿಂಗ್ ಫೋರ್ಕ್. ನೀರು ಇಳಿಸುತ್ತ ಹೋದಂತೆ ಒಂದು ಕಡೆ ಕೊಳವೆ ಇದ್ದಕ್ಕಿದ್ದಂತೆ ಗುಂಯ್ ಎನ್ನುತ್ತದೆ. ಇನ್ನೂ ಇಳಿಸಿದರೆ ಮತ್ತೊಮ್ಮೆ. ಎರಡರ ನಡುವಿನ ದೂರ ಅರ್ಧ ತರಂಗದೂರ. ಅವನಿಗೆ ಬಂದದ್ದು 34.9 ಸೆಂಟಿಮೀಟರ್, ಅಂದರೆ ವೇಗ ಸೆಕೆಂಡಿಗೆ 357 ಮೀಟರ್.

"ಸರ, ಎಲ್ಲಾರದೂ 340 ಬಂದದ. ನಂದು ಭಾಳ ಬಂದದ್ರಿ."

"ಬುಕ್ಕಿನ್ಯಾಗ ಎಷ್ಟದ ನೋಡಿ ತಿದ್ದು," ಅಂದೆ. ಅವನು 33.2 ಎಂದು ಬರೆದ, ನಾನು ಸಹಿ ಹಾಕಿದೆ.

ರಾತ್ರಿ ಮಲಗಿದಾಗ ಹೊಳೆಯಿತು. ಗಾಳಿ ಒಂದು ಡಿಗ್ರಿ ಕಾದರೆ ಶಬ್ದ ಸೆಕೆಂಡಿಗೆ ಸುಮಾರು 0.6 ಮೀಟರ್ ಹೆಚ್ಚು ಓಡುತ್ತದೆ. ಸೊನ್ನೆಯಲ್ಲಿ 331 ಇದ್ದದ್ದು 42 ಡಿಗ್ರಿಯಲ್ಲಿ 356ರ ಆಸುಪಾಸು. ಪುಸ್ತಕದ 340 ಎಂಬುದು 15 ಡಿಗ್ರಿಯದು, ನಮ್ಮ ಕಡೆ ಡಿಸೆಂಬರಿನ ಬೆಳಗಿಗಷ್ಟೇ ಒಪ್ಪುವಂಥದ್ದು. ಅಂದಿನ ಗಾಳಿಗೆ ಕಿವಿಗೊಟ್ಟವನು ಅವನೊಬ್ಬನೇ. ಉಳಿದವರು ಸೀನಿಯರ್‌ಗಳ ರೆಕಾರ್ಡಿಗೆ ಕಿವಿಗೊಟ್ಟಿದ್ದರು.

ತಿದ್ದುವುದೆಲ್ಲ ಮೋಸವೇ? ನ್ಯೂಟನ್ ಕೂಡ ತಿದ್ದಿದವನೇ. ಅವನ ಸಿದ್ಧಾಂತದ ಪ್ರಕಾರ ಶಬ್ದದ ವೇಗ 979 ಅಡಿ, ಅಳೆದಾಗ ಸಿಕ್ಕದ್ದು 1142. 1713ರ ಪ್ರಿನ್ಸಿಪಿಯಾದಲ್ಲಿ ಗಾಳಿಯ ಕಣಗಳ ಗಾತ್ರ, ನೀರಾವಿ ಅಂತೆಲ್ಲ ಸಬೂಬು ಸೇರಿಸಿ ಅಂತರ ಮುಚ್ಚಿದ. ಒತ್ತಿದ ಗಾಳಿ ಬಿಸಿಯಾಗುತ್ತದೆ (ಸೈಕಲ್ ಪಂಪು ಹೊಡೆದವರಿಗೆ ಗೊತ್ತು), ಅದೇ ಕಾರಣವೆಂದು ಹೇಳಲು 1816ರಲ್ಲಿ ಲಾಪ್ಲಾಸ್ ಬರಬೇಕಾಯಿತು. ಆದರೂ ನ್ಯೂಟನ್ ಕೈಯಾಡಿಸಿದ್ದು ವಿವರಣೆಯಲ್ಲಿ, ಅಳತೆಯಲ್ಲಲ್ಲ. ಅಳತೆ ಉಳಿದಿದ್ದರಿಂದಲೇ ನೂರು ವರ್ಷದ ಮೇಲೆ ಇನ್ನೊಬ್ಬನಿಗೆ ತಪ್ಪು ಕಂಡಿತು. ನಾನು ಅಳಿಸಿದ್ದು ಅಳತೆಯನ್ನೇ.

ಒಂದೂ ಮುಕ್ಕಾಲು ಸೆಂಟಿಮೀಟರಿಗೆ ಇಷ್ಟೆಲ್ಲ ಯಾಕೆ ಅನ್ನಬಹುದು. ಇವನೇ ನಾಳೆ ಸೌಂಡ್ ಮೀಟರ್ ಹಿಡಿದು ಮನೆಗಳ ನಡುವಿನ ಗಿರಣಿ ಮುಂದೆ ನಿಲ್ಲುವವನು. ರಾತ್ರಿಯ ಮಿತಿ 45 ಡೆಸಿಬೆಲ್. ಮೀಟರು 58 ತೋರಿಸಿದರೆ, ಎಷ್ಟು ಬರಬೇಕಿತ್ತೆಂದು ಕೇಳಿ ಬರೆಯುವುದನ್ನು ನಾನೇ ಕಲಿಸಿದ್ದೆ. ಪಕ್ಕದ ಮನೆಯಲ್ಲಿ ನಿದ್ದೆಗೆಟ್ಟ ಮುದುಕಿಯ ದೂರು ಅಲ್ಲಿಗೆ ಮುಗಿಯಿತು.

ಮುಂದಿನ ವಾರ ಎಲ್ಲರೆದುರು ತಪ್ಪೊಪ್ಪಿಕೊಂಡೆ. ಅವನ ಪುಟದಲ್ಲಿ 34.9 ಇನ್ನೂ ಮಸುಕಾಗಿ ಕಾಣುತ್ತಿತ್ತು.

"ಪರೀಕ್ಷಾಕ್ಕ ಬಂದೋರು 340 ಎಲ್ಲದ ಅಂದ್ರ ಏನ್ ಹೇಳ್ಲಿ ಸರ?"

"ಥರ್ಮಾಮೀಟರ್ ತೋರಸು," ಅಂದೆ. ಅವನು ನಂಬಿದಂತೆ ಕಾಣಲಿಲ್ಲ. ಆದರೂ ಅದರ ಮೇಲೆ ಪೆನ್ನಿನಿಂದ ಬರೆದ.