ನೋಡಲು ಅಲ್ಲೇನಿದೆ?

ಮಂಗಳೂರಿಗೆ ಬಂದ ನೆಂಟರಿಗೆ ಉಳ್ಳಾಲದ ಹೆಸರು ಹೇಳಿದರೆ ಸಾಕು, "ಅಲ್ಲಿ ನೋಡಲು ಏನಿದೆ?" ಎಂದು ಕೇಳುತ್ತಾರೆ. ನೇತ್ರಾವತಿಯ ಸೇತುವೆ ದಾಟಿ, ತೊಕ್ಕೊಟ್ಟಿನಲ್ಲಿ ಸಮುದ್ರದ ಕಡೆಗೆ ತಿರುಗಿದರೆ ಉಳ್ಳಾಲ. ಸಯ್ಯಿದ್ ಮದನಿ ದರ್ಗಾ ಇದೆ. ಬಂಡೆಗಳ ಮೇಲೆ ಕಡಲಿಗೆ ಮುಖ ಮಾಡಿದ ಸೋಮನಾಥ ದೇವಸ್ಥಾನ ಇದೆ. ರಾಣಿ ಅಬ್ಬಕ್ಕನ ಪ್ರತಿಮೆ ಇದೆ. ಆದರೆ ಅಬ್ಬಕ್ಕನ ಅರಮನೆ ಎಲ್ಲಿ, ಕೋಟೆ ಎಲ್ಲಿ ಎಂದರೆ ಬೆರಳು ಮಾಡಿ ತೋರಿಸುವಂಥದ್ದು ಹೆಚ್ಚೇನೂ ಇಲ್ಲ. ಕಡಲ್ಕೊರೆತ ತಡೆಯಲು ಸುರಿದ ಕಲ್ಲಿನ ರಾಶಿಯನ್ನೇ ಕೋಟೆಯೆಂದು ತಿಳಿದು ಅದರ ಮುಂದೆ ನಿಂತು ಫೋಟೋ ತೆಗೆಸಿಕೊಂಡ ಮಕ್ಕಳನ್ನು ನಾನೇ ನೋಡಿದ್ದೇನೆ.

ಹಂಪಿ, ಬೇಲೂರು ನೋಡಿದ ಕಣ್ಣಿಗೆ ಚರಿತ್ರೆ ಎಂದರೆ ಕಲ್ಲು. ನಮ್ಮ ಕರಾವಳಿಯಲ್ಲಾದರೋ ವರ್ಷಕ್ಕೆ 3,500 ಮಿಲಿಮೀಟರಿಗೂ ಮಿಕ್ಕಿ ಮಳೆ. ಮಣ್ಣಿನ ಗೋಡೆ, ಮರದ ಕಂಬ, ಮುಳಿಹುಲ್ಲಿನ ಮಾಡು ಎಷ್ಟು ಕಾಲ ತಡೆದೀತು? ಇಂಥ ಊರಿನಲ್ಲಿ ನೆನಪು ಉಳಿಯಬೇಕಾದರೆ ಅದು ಬಾಯಿಂದ ಬಾಯಿಗೇ ಉಳಿಯಬೇಕು. ಹಾಗೆ ಬಾಯಿಗೆ ಬಿದ್ದದ್ದು ಬೆಳೆಯುತ್ತದೆ ಕೂಡ. ಪೋರ್ಚುಗೀಸರ ವಿರುದ್ಧ ಹೋರಾಡಿದ ಚೌಟ ಮನೆತನದ ರಾಣಿ ಈಗ ಶಾಲೆಗಳ ಛದ್ಮವೇಷದಲ್ಲಿ ಕತ್ತಿ ಹಿಡಿದ ಹುಡುಗಿ. 2012ರಲ್ಲಿ ತಟರಕ್ಷಣಾ ಪಡೆಯ ಹಡಗೊಂದಕ್ಕೂ ಅವಳ ಹೆಸರನ್ನಿಟ್ಟರು. ಇದೆಲ್ಲ ಸಂತೋಷದ ಮಾತೇ.

ಆದರೆ ಉಳ್ಳಾಲದ ರಾಣಿಯನ್ನು ಕಣ್ಣಾರೆ ಕಂಡು ಬರೆದಿಟ್ಟ ಒಬ್ಬನಿದ್ದಾನೆ. ರೋಮ್ ನಗರದ ಪಿಯೆತ್ರೊ ದೆಲ್ಲಾ ವಾಲ್ಲೆ. 1623ರಲ್ಲಿ ಪೋರ್ಚುಗೀಸ್ ರಾಯಭಾರಿಯ ಜೊತೆಗೆ ಇಕ್ಕೇರಿಗೆ ಹೋಗಿದ್ದ ಈತ, ಆಮೇಲೆ ಮಂಗಳೂರಿಗೆ ಬಂದು, ರಾಣಿಯನ್ನು ನೋಡಲೆಂದೇ ಒಳನಾಡಿನ ಮಣೇಲಿಗೆ ಹೋದ. ರಾಣಿ ಎದುರಾದದ್ದು ಅರಮನೆಯಲ್ಲಿ ಅಲ್ಲ, ದಾರಿಯಲ್ಲಿ. ಬರಿಗಾಲು, ಸೊಂಟಕ್ಕೆ ಸುತ್ತಿದ ಬಿಳಿ ಹತ್ತಿ ಬಟ್ಟೆ, ಬಿಸಿಲಿಗೆ ತಾಳೆಗರಿಯ ಕೊಡೆ. ಸುಮಾರು ನಲವತ್ತರ, ಕಪ್ಪು ಬಣ್ಣದ, ದಪ್ಪ ಮೈಯ ಹೆಂಗಸು. ಗದ್ದೆಗೆ ನೀರು ಹಾಯಿಸಲು ತೋಡಿಸುತ್ತಿದ್ದ ಕಣಿಗಳನ್ನು ನೋಡಲು ಹೊರಟಿದ್ದಳು. ನೋಡಿದರೆ ಅಡುಗೆಯವಳಂತೆ, ಅಗಸಗಿತ್ತಿಯಂತೆ ಇದ್ದಾಳೆ, ಮಾತಿಗೆ ನಿಂತರೆ ಮಾತ್ರ ರಾಣಿ ಎಂಬರ್ಥದಲ್ಲಿ ಅವನು ಬರೆದ. ಅಡುಗೆ ಮಾಡುವವಳಿಗೆ ಬುದ್ಧಿಯ ಮಾತು ಬರುವುದಿಲ್ಲ ಎಂದು ಅವನಿಗೆ ಯಾರು ಹೇಳಿದರೋ!

ಅದು ಡಿಸೆಂಬರ್ ತಿಂಗಳು. ನಮ್ಮ ಕಡೆ ಬೇಸಾಯ ಬಲ್ಲವರಿಗೆ ಇದರ ಅರ್ಥ ಕೂಡಲೇ ಹೊಳೆಯುತ್ತದೆ. ಏಣಿಲು ಬೆಳೆ ಮುಗಿದಿದೆ, ಸುಗ್ಗಿ ಗದ್ದೆಯಲ್ಲಿದೆ, ಕೊಳಕೆಗೆ ನೀರು ಹೊಂದಿಸಬೇಕು. ಮಳೆಗಾಲದಲ್ಲಿ ಉಕ್ಕಿ ಹರಿದ ತೋಡು ಆಗ ದಿನದಿನಕ್ಕೆ ಸೊರಗುತ್ತದೆ. ಕಟ್ಟ ಕಟ್ಟುವುದೂ ಕಣಿ ತೋಡುವುದೂ ಹದಿನೈದು ದಿನ ತಡವಾದರೆ ಬೆಳೆ ಹೋಯಿತು. ಯುದ್ಧ ಮಾಡಿದವಳಿಗೆ ಇದು ಗೊತ್ತಿತ್ತು.

ಈ ರಾಣಿಯ ಬದುಕೂ ಸಣ್ಣದಲ್ಲ. ಅಳಿಯಸಂತಾನದ ಮನೆತನ, ರಾಜ್ಯ ಅವಳದ್ದೇ. ಬಂಗ ಅರಸನನ್ನು ಮದುವೆಯಾಗಿ, ಸರಿಬಾರದೆ ಬೇರೆಯಾದಾಗ ಅವನು ಕೊಟ್ಟ ಒಡವೆಗಳನ್ನು ಹಿಂದೆ ಕಳುಹಿಸಿದಳು. ಅವನು ಪೋರ್ಚುಗೀಸರನ್ನು ಕರೆದುಕೊಂಡರೆ ಇವಳು ಕೆಳದಿಯ ವೆಂಕಟಪ್ಪ ನಾಯಕನನ್ನು ಕರೆಸಿಕೊಂಡಳು. ಪೋರ್ಚುಗೀಸರು ಮಂಗಳೂರಿನಲ್ಲಿ ಕೋಟೆ ಕಟ್ಟಿದ್ದು 1568ರ ಸುಮಾರಿಗೆ. ಆಗ ಅವರನ್ನು ಎದುರಿಸಿದವಳು 1623ರಲ್ಲಿ ನಲವತ್ತರ ಹೆಂಗಸಾಗಿರಲು ಸಾಧ್ಯವಿಲ್ಲವಷ್ಟೆ? ಅಬ್ಬಕ್ಕ ಒಬ್ಬಳಲ್ಲ, ಒಬ್ಬರ ನಂತರ ಒಬ್ಬರು ಇದ್ದರು ಎಂದು ಹೇಳುವ ವಿದ್ವಾಂಸರಿದ್ದಾರೆ. ಜನರ ನೆನಪಿನಲ್ಲಿ ಅವರೆಲ್ಲ ಸೇರಿ ಒಬ್ಬಳಾದರು, ಅವಳ ಕೈಗೆ ಕತ್ತಿ ಬಂತು.

ನನ್ನನ್ನು ಕಾಡುವ ಪ್ರಶ್ನೆ ಇಲ್ಲಿದೆ. ಸತ್ತವರನ್ನು ನಮಗೆ ಬೇಕಾದ ಹಾಗೆ ನೆನೆಯುವ ಹಕ್ಕು ನಮಗಿದೆಯೇ? ಇತಿಹಾಸ ಪಾಠ ಮಾಡಿ ನಿವೃತ್ತರಾದ ಗೆಳತಿಯೊಬ್ಬರಲ್ಲಿ ಈ ಮಾತು ತೆಗೆದೆ. ಅವರು ಬಿಡಲಿಲ್ಲ. "ಕಣಿ ನೋಡಲು ಹೋದವಳಿಗೆ ಯಾರಾದರೂ ಪ್ರತಿಮೆ ನಿಲ್ಲಿಸುತ್ತಿದ್ದರಾ? ನಮ್ಮ ಹುಡುಗಿಯರು ಒಮ್ಮೆಯಾದರೂ ಕತ್ತಿ ಹಿಡಿದ ಹೆಂಗಸನ್ನು ತಲೆಯೆತ್ತಿ ನೋಡಲಿ ಮಾರಾಯ್ತಿ. ಬಗ್ಗಿ ಕೆಲಸ ಮಾಡುವವರನ್ನು ಮನೆಯಲ್ಲೇ ದಿನಾ ನೋಡುತ್ತಾರೆ" ಎಂದರು. ಅವರ ಮಾತಿನಲ್ಲಿ ನ್ಯಾಯವಿದೆ. ಗಂಡುಮಕ್ಕಳಿಗೆ ಊರಿಗೊಂದು ವೀರಗಲ್ಲು ಇರುವಾಗ ನಮಗೊಂದು ಕತ್ತಿ ಹೆಚ್ಚಾಗಲಾರದು.

ಆದರೂ ಮನಸ್ಸು ಒಪ್ಪುವುದಿಲ್ಲ. ನಮ್ಮ ದೊಡ್ಡಮ್ಮ ವಿಧವೆಯಾದ ಮೇಲೆ ಮೂವತ್ತು ವರ್ಷ ಬೇಸಾಯ ಮಾಡಿಸಿದರು. ಪಟ್ಟೆಯಲ್ಲಿ ಹೆಸರು ಮೈದುನನದ್ದು, ನಸುಕಿಗೆ ಟಾರ್ಚು ಹಿಡಿದು ಕಟ್ಟದ ಬಳಿ ನಿಲ್ಲುತ್ತಿದ್ದವರು ಇವರು. ಗಂಡಸಿನ ಕೆಲಸ ಮಾಡಿದಾಗ ಮಾತ್ರ ಹೆಣ್ಣಿಗೆ ಪ್ರತಿಮೆ ಎಂದಾದರೆ, ನಾವು ಗೌರವಿಸುತ್ತಿರುವುದು ಹೆಣ್ಣನ್ನೋ ಕತ್ತಿಯನ್ನೋ? ಕತ್ತಿ ಹಿಡಿಯಬೇಕಾಗಿ ಬಂದದ್ದು ಕೆಲವು ದಿನ. ಉಳಿದ ದಿನಗಳೆಲ್ಲ ಅವಳು ರಾಣಿಯಾಗಿರಲಿಲ್ಲವೇ? ಬಂಟ್ವಾಳದ ರಾಣಿ ಅಬ್ಬಕ್ಕ ತುಳು ಅಧ್ಯಯನ ಕೇಂದ್ರದಲ್ಲಿ ಅವಳ ಹೆಸರಿನ ನೆರಳಲ್ಲಿ ಹಳೆಯ ಪಾತ್ರೆ ಪಗಡಿ, ಬೇಸಾಯದ ಸಾಮಾನುಗಳನ್ನು ಕೂಡಿಸಿಟ್ಟಿದ್ದಾರೆ. ನೆಂಟರನ್ನು ನಾನೀಗ ಉಳ್ಳಾಲದ ಜೊತೆಗೆ ಅಲ್ಲಿಗೂ ಕರೆದೊಯ್ಯುತ್ತೇನೆ. ಮಕ್ಕಳು ಬೇಗ ಬೇಸರಪಡುತ್ತಾರೆ, ಹೆಂಗಸರು ಮಾತ್ರ ಹೊರಗೆ ಬರುವುದೇ ಇಲ್ಲ. ಒಬ್ಬೊಬ್ಬರಿಗೂ ತಮ್ಮ ತವರಿನ ಅಟ್ಟದಲ್ಲಿದ್ದ ಒಂದಲ್ಲ ಒಂದು ಸಾಮಾನು ಅಲ್ಲಿ ಸಿಗುತ್ತದೆ.

ಅಂದ ಹಾಗೆ, ಆ ದಿನ ಮಣೇಲಿನ ದಾರಿಯಲ್ಲಿ ಪ್ರಶ್ನೆ ಕೇಳಿದವನು ಪ್ರವಾಸಿ ಮಾತ್ರವಲ್ಲ. ರಾಣಿಯೂ ಅವನನ್ನು ವಿಚಾರಿಸಿದಳು: ಯಾವ ದೇಶದವನು, ಯಾವ ಯಾವ ಊರು ನೋಡಿದೆ, ಇಷ್ಟು ದೂರ ಬಂದದ್ದೇಕೆ ಎಂದು. ದೆಲ್ಲಾ ವಾಲ್ಲೆಯ ಹೆಂಡತಿ ಮಆನಿ ಪರ್ಷಿಯಾದಲ್ಲಿ ತೀರಿಕೊಂಡಿದ್ದಳು. ಕೆಡದಂತೆ ಮದ್ದು ಲೇಪಿಸಿದ ಅವಳ ಶವವನ್ನು ಪೆಟ್ಟಿಗೆಯಲ್ಲಿಟ್ಟು, ನಮ್ಮ ದೇಶವನ್ನೂ ಸುತ್ತಿಸಿ, ಕೊನೆಗೆ ರೋಮಿಗೇ ಒಯ್ದು ಮಣ್ಣು ಮಾಡಿದ. ಅಂಥವನನ್ನು ದಾರಿಯಲ್ಲಿ ನಿಲ್ಲಿಸಿ, ಕಣಿಯ ಕೆಲಸ ಕಾಯುತ್ತಿದ್ದರೂ, ಯಾಕೆ ಬಂದೆ ಎಂದು ಕೇಳಿದಳು. ಉಳ್ಳಾಲದ ಬಂಡೆಗಳ ಮೇಲೆ ಕುಳಿತಾಗಲೆಲ್ಲ ನನ್ನನ್ನೂ ಅವಳು ಅದನ್ನೇ ಕೇಳುತ್ತಾಳೆ.