ಕುರುಡನ ದಾರಿಯ ಕಲ್ಲು

ಧರ್ಮೋಪದೇಶಕಾಂಡದ 10ನೇ ಅಧ್ಯಾಯದ 12ನೇ ವಚನ ಪ್ರಶ್ನೆಯಿಂದ ಶುರುವಾಗುತ್ತದೆ. ನಲವತ್ತು ವರ್ಷ ಕಾಡುಮೇಡು ಅಲೆದು ಯೊರ್ದನ್ ನದಿಯ ಈಚೆ ದಡಕ್ಕೆ, ಮೋವಾಬಿನ ಬಯಲಿಗೆ ಬಂದು ನಿಂತ ಜನರ ಮುಂದೆ ಮೋಶೆ ಇಡುವ ಪ್ರಶ್ನೆ ಅದು. ದೇವರು ನಿಮ್ಮಿಂದ ಬಯಸುವುದಾದರೂ ಏನನ್ನು? ಉತ್ತರವನ್ನೂ ಅವನೇ ಕೊಡುತ್ತಾನೆ. ದೇವರಿಗೆ ಅಂಜಬೇಕು, ಆತನ ದಾರಿಯಲ್ಲಿ ನಡೆಯಬೇಕು, ಆತನನ್ನು ಪ್ರೀತಿಸಬೇಕು, ಮನಸಾರೆ ಸೇವಿಸಬೇಕು. ಕೇಳುವವರಿಗೆ ಮೊದಲ ಮಾತೇ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಪ್ರೀತಿಸಬೇಕಾದವನಿಗೆ ಹೆದರುವುದು ಹೇಗೆ?

ಇದಕ್ಕೆ ಉತ್ತರ ಹುಡುಕುವವರು ಸಾಮಾನ್ಯವಾಗಿ ಸಿನಾಯ್ ಬೆಟ್ಟದ ಗುಡುಗು ಮಿಂಚುಗಳ ಕಡೆ ಕೈ ತೋರಿಸುತ್ತಾರೆ. ಅದಕ್ಕಿಂತ ಯಾಜಕಕಾಂಡದ 19ನೇ ಅಧ್ಯಾಯ ತೆರೆದು ನೋಡುವುದು ಲೇಸು. ಅದರ 14ನೇ ವಚನದಲ್ಲಿ ಎರಡು ಸಣ್ಣ ನಿಷೇಧಗಳಿವೆ: ಕಿವುಡನನ್ನು ಬೈಯಬಾರದು, ಕುರುಡನ ದಾರಿಗೆ ಅಡ್ಡ ಇಡಬಾರದು. ಅದರ ಬೆನ್ನಿಗೇ ದೇವರಿಗೆ ಅಂಜಬೇಕೆಂಬ ಮಾತು ಬರುತ್ತದೆ. ಯಾಕೆ ಅಲ್ಲೇ? ಕಿವುಡನಿಗೆ ಬೈಗುಳ ಕೇಳಿಸದು. ಎಡವಿ ಬಿದ್ದ ಕುರುಡನಿಗೆ ಕಲ್ಲಿಟ್ಟವನಾರೆಂದು ತಿಳಿಯದು. ಸಾಕ್ಷಿಯಿಲ್ಲ, ದೂರಿಲ್ಲ, ಪಂಚಾಯಿತಿ ಸೇರುವ ಮಾತೇ ಇಲ್ಲ. ಅದೇ ಅಧ್ಯಾಯ ತಲೆನರೆತವರ ಮುಂದೆ ಎದ್ದು ನಿಲ್ಲಿ ಎನ್ನುವಾಗ, 25ನೇ ಅಧ್ಯಾಯ ಕೈಸೋತ ಬಂಧುವಿನಿಂದ ಬಡ್ಡಿ ಕೀಳಬೇಡಿ, ಆಳನ್ನು ಹಿಂಡಬೇಡಿ ಎನ್ನುವಾಗಲೂ ಅದೇ ಅಂಜಿಕೆ ತಲೆಹಾಕುತ್ತದೆ. ಒಬ್ಬನ ಕೈ ಮೇಲಾಗಿ ಇನ್ನೊಬ್ಬನ ಪರವಾಗಿ ಕೇಳುವವರಿಲ್ಲದ ಜಾಗಗಳೇ ಇವೆಲ್ಲ. ನರಕದ ಚಿತ್ರ ತೋರಿಸಿ ಮಕ್ಕಳನ್ನು ನಡುಗಿಸುವ ಉಪದೇಶಕ್ಕೂ ಇದಕ್ಕೂ ಬಲು ದೂರ.

ಈ ಅಂಜಿಕೆ ಗುಂಡಿಗೆಯನ್ನೂ ಗಟ್ಟಿ ಮಾಡುತ್ತದೆ. ವಿಮೋಚನಕಾಂಡದ ಮೊದಲ ಅಧ್ಯಾಯದಲ್ಲಿ ಶಿಪ್ರಾ, ಪೂಗಾ ಎಂಬ ಇಬ್ಬರು ಸೂಲಗಿತ್ತಿಯರು ಬರುತ್ತಾರೆ. ಇಬ್ರಿಯರ ಗಂಡುಕೂಸುಗಳನ್ನು ಹುಟ್ಟುತ್ತಲೇ ಮುಗಿಸಿಬಿಡಿ ಎಂದು ಐಗುಪ್ತದ ದೊರೆ ಅಪ್ಪಣೆ ಮಾಡುತ್ತಾನೆ. ಅವರು ದೇವರಿಗೆ ಅಂಜಿದವರಾದ್ದರಿಂದ ಹಾಗೆ ಮಾಡಲಿಲ್ಲ ಎನ್ನುತ್ತದೆ ಕಥೆ. ದೊರೆ ಕರೆದು ಕೇಳಿದಾಗ, ಇಬ್ರಿಯ ಹೆಂಗಸರು ಗಟ್ಟಿಗಿತ್ತಿಯರು, ನಾವು ಹೋಗುವಷ್ಟರಲ್ಲಿ ಹೆತ್ತೇಬಿಟ್ಟಿರುತ್ತಾರೆ ಎಂದು ಸಬೂಬು ಹೇಳಿ ಪಾರಾಗುತ್ತಾರೆ. ಅಷ್ಟು ದೊಡ್ಡ ದೊರೆಯ ಹೆಸರನ್ನು ಆ ಗ್ರಂಥ ಎಲ್ಲೂ ಹೇಳುವುದಿಲ್ಲ, ಸೂಲಗಿತ್ತಿಯರ ಹೆಸರನ್ನು ಮರೆಯುವುದಿಲ್ಲ!

ಹೊಸ ಒಡಂಬಡಿಕೆಯಲ್ಲಿ ಯೋಹಾನನ ಮೊದಲ ಪತ್ರ ಬೇರೆಯೇ ರಾಗ ಎತ್ತುತ್ತದೆ. ಪೂರ್ಣ ಪ್ರೀತಿ ಇರುವಲ್ಲಿ ಭಯಕ್ಕೆ ಎಡೆಯಿಲ್ಲ ಎಂಬುದು ಅದರ ನಿಲುವು. ಆದರೆ ಅಲ್ಲಿ ತೊಲಗುವುದು ಶಿಕ್ಷೆಯ ಭಯ. ಮುಂದಿನ ಸಾಲುಗಳಲ್ಲೇ ಪತ್ರ ಓದುಗನನ್ನು ನೆಲಕ್ಕಿಳಿಸುತ್ತದೆ: ಕಣ್ಣೆದುರಿನ ಸಹೋದರನನ್ನು ಪ್ರೀತಿಸದವನು ಕಾಣದ ದೇವರನ್ನು ಪ್ರೀತಿಸುತ್ತೇನೆಂದರೆ ನಂಬುವವರಾರು? 1528ರಲ್ಲಿ ಸ್ಯಾಕ್ಸನಿಯ ಹಳ್ಳಿಯ ಸಭೆಗಳನ್ನು ಸುತ್ತಿ ಜನರ ಅಜ್ಞಾನ ಕಂಡು ಕಂಗಾಲಾದ ಮಾರ್ಟಿನ್ ಲೂಥರ್, ಮರುವರ್ಷ ಮನೆಯ ಯಜಮಾನರಿಗಾಗಿ ‘ಕಿರು ಕ್ಯಾಟೆಕಿಸಂ’ ಎಂಬ ಧರ್ಮಬೋಧೆಯ ಪುಸ್ತಕ ಅಚ್ಚು ಹಾಕಿಸಿದಾಗ ಎರಡನ್ನೂ ಒಂದೇ ನೊಗಕ್ಕೆ ಕಟ್ಟಿದ. ಮೊದಲ ಆಜ್ಞೆಯ ವಿವರಣೆಯಲ್ಲಿ ಅಂಜಿಕೆ, ಪ್ರೀತಿ, ನಂಬಿಕೆ ಮೂರೂ ಇವೆ. ಉಳಿದ ಒಂಬತ್ತರ ವಿವರಣೆಯೂ ದೇವರಿಗೆ ಅಂಜಿ ಆತನನ್ನು ಪ್ರೀತಿಸಬೇಕು ಎಂದೇ ತೊಡಗುತ್ತದೆ. ಕದಿಯಬಾರದೆಂಬ ಆಜ್ಞೆಗೆ ಅವನ ವಿವರಣೆಯಲ್ಲಿ ಕಳಪೆ ಮಾಲು ಮಾರುವವನೂ ಕಳ್ಳನೇ. ಸುಳ್ಳುಸಾಕ್ಷಿಯ ಆಜ್ಞೆಯಲ್ಲಿ ನೆರೆಯವನ ನಡತೆಗೆ ಆದಷ್ಟು ಒಳ್ಳೆಯ ಅರ್ಥ ಹಚ್ಚುವ ಕರ್ತವ್ಯವೂ ಸೇರುತ್ತದೆ.

ಇನ್ನು ಆರಾಧನೆ. ಕರಾವಳಿಯ ಕ್ಯಾಥೊಲಿಕರು ಸೆಪ್ಟೆಂಬರ್ 8ರಂದು ಮೊಂತಿ ಹಬ್ಬ ಮಾಡುತ್ತಾರೆ. ಮಕ್ಕಳು ಬಾಲಮರಿಯಳ ಮೂರ್ತಿಗೆ ಹೂ ಅರ್ಪಿಸುತ್ತಾರೆ, ಪಾದ್ರಿ ಹೊಸ ತೆನೆಯನ್ನು ಆಶೀರ್ವದಿಸಿ ಮನೆಮನೆಗೂ ಹಂಚುತ್ತಾರೆ, ಅದರ ಕಾಳು ಮನೆಯ ಊಟಕ್ಕೆ ಸೇರುತ್ತದೆ. ಪ್ರೊಟೆಸ್ಟಂಟ್ ಸಭೆಗಳ ಸುಗ್ಗಿ ಹಬ್ಬದ ಸೊಬಗೇ ಬೇರೆ. ಆರಾಧನೆ ಮುಗಿಯುತ್ತಿದ್ದಂತೆ ಚರ್ಚಿನ ಅಂಗಳದಲ್ಲಿ ಹರಾಜು. ಕುಂಬಳಕಾಯಿ, ಬಾಳೆಗೊನೆ, ಕಾಲು ಕಟ್ಟಿದ ಕೋಳಿ, ಯಾರೋ ಮನೆಯಲ್ಲಿ ಮಾಡಿ ತಂದ ಕೇಕು. ಸಂತೆಯಲ್ಲಿ ಕೇಳುವವರಿಲ್ಲದ ಕುಂಬಳಕ್ಕೆ ಇಲ್ಲಿ ಒಂದು ಸಲ, ಎರಡು ಸಲ ಎಂದು ಕೂಗುತ್ತ ಕೂಗುತ್ತ ಬೆಲೆ ಏರುತ್ತದೆ. ಕೊಂಡವನೇ ಅದನ್ನು ಮತ್ತೆ ಹರಾಜಿಗೆ ಬಿಡುವುದೂ ಉಂಟು. ದೇವರ ಹೆಸರಿನಲ್ಲಿ ಚೌಕಾಸಿಯಿಲ್ಲ. ಅದೇ ಕೈಗಳು ಮರುದಿನ ಸೊಪ್ಪಿನವಳ ಬುಟ್ಟಿಯೆದುರು ಎರಡು ರೂಪಾಯಿಗೆ ಜಗ್ಗಾಡಿದರೆ, ಆ ಜಗ್ಗಾಟವೂ ಮೋಶೆಯ ಪ್ರಶ್ನೆಯ ವ್ಯಾಪ್ತಿಗೆ ಬರುತ್ತದೆ. ಅವನ ಮಾತು ಅಲ್ಲಿಂದ ಹೆಚ್ಚು ದೂರ ಹೋಗದೆ, 18 ಮತ್ತು 19ನೇ ವಚನಗಳಲ್ಲಿ ಅನಾಥ, ವಿಧವೆ, ಪರದೇಶಿಗಳ ಬಾಗಿಲಿಗೇ ಬಂದು ನಿಲ್ಲುತ್ತದಲ್ಲ! 24ನೇ ಅಧ್ಯಾಯಕ್ಕೆ ಬರುವಾಗ ಕೂಲಿಯವನ ಕೂಲಿಯನ್ನು ಹೊತ್ತು ಮುಳುಗುವ ಮೊದಲೇ ಕೊಡಬೇಕೆಂಬ ಕಟ್ಟಪ್ಪಣೆಯಾಗುತ್ತದೆ.

ಈ ಅಂಜಿಕೆಯನ್ನು ದಿನದ ಲೆಕ್ಕಪುಸ್ತಕಕ್ಕೆ ತಂದುಕೊಂಡವರಲ್ಲಿ ಜಾನ್ ವುಲ್ಮನ್ ಒಬ್ಬ. 1720ರಲ್ಲಿ ಅಮೆರಿಕದ ನ್ಯೂಜೆರ್ಸಿಯಲ್ಲಿ ಹುಟ್ಟಿದವನು, ಕ್ವೇಕರ್ ಎಂಬ ಕ್ರೈಸ್ತ ಪಂಗಡದವನು, ಕಸುಬಿನಲ್ಲಿ ದರ್ಜಿ. ಇಪ್ಪತ್ತರ ಹರೆಯದಲ್ಲಿ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದಾಗ ಯಜಮಾನ ತನ್ನ ಗುಲಾಮ ಹೆಂಗಸೊಬ್ಬಳನ್ನು ಮಾರಿ, ಕ್ರಯಪತ್ರ ಬರೆದುಕೊಡು ಎಂದ. ಕೊಳ್ಳುವವನು ಅಲ್ಲೇ ಕಾಯುತ್ತಿದ್ದ, ಅವನೂ ವಯಸ್ಸಾದ ಕ್ವೇಕರನೇ. ವುಲ್ಮನ್ ಬರೆದುಕೊಟ್ಟ. ಆದರೆ ಗುಲಾಮರನ್ನಿಟ್ಟುಕೊಳ್ಳುವುದು ಕ್ರೈಸ್ತ ಧರ್ಮಕ್ಕೆ ಒಪ್ಪುವಂಥದ್ದಲ್ಲ ಎಂದು ಇಬ್ಬರ ಮುಖಕ್ಕೂ ಹೇಳಿದ. ಮುಂದೆ ಇನ್ನೊಬ್ಬ ಅಂಥದೇ ಪತ್ರ ಬರೆಯಿಸಲು ಬಂದಾಗ ಆಗದೆಂದ. ಗುಲಾಮರನ್ನು ಮಕ್ಕಳಿಗೆ ಹಂಚುವ ಉಯಿಲುಗಳನ್ನೂ ಬರೆಯಲೊಪ್ಪದೆ ಬರುವ ಸಂಪಾದನೆ ಬಿಟ್ಟ. ಗುಲಾಮರ ದುಡಿಮೆಯ ಸಕ್ಕರೆ ತಿನ್ನಲಿಲ್ಲ, ಬಣ್ಣ ಹಾಕಿದ ಬಟ್ಟೆ ಉಡಲಿಲ್ಲ. ಇದರಲ್ಲಿ ಅತಿ ಇಲ್ಲವೆ? ಇದೆ. ಅವನ ಕಾಲದವರಿಗೂ ಹಾಗೇ ಕಂಡಿತು.

1757ರಲ್ಲಿ ದಕ್ಷಿಣದ ವಸಾಹತುಗಳಲ್ಲಿ ಸಂಚರಿಸುವಾಗ ಗುಲಾಮರಿದ್ದ ಮನೆಗಳಲ್ಲಿ ಅವನು ಪುಕ್ಕಟೆ ಉಣ್ಣಲು ಒಪ್ಪಲಿಲ್ಲ. ಹೊರಡುವಾಗ ತನಗೆ ಬಡಿಸಿದ, ಹಾಸಿಗೆ ಹಾಸಿದ ಗುಲಾಮರ ಕೈಗೆ ಬೆಳ್ಳಿ ನಾಣ್ಯ ಇಡುತ್ತಿದ್ದ, ಇಲ್ಲವೆ ಅವರಿಗೆ ಮುಟ್ಟಿಸಿ ಎಂದು ಮನೆಯವರಿಗೇ ಕೊಡುತ್ತಿದ್ದ. ಅತಿಥಿಸತ್ಕಾರಕ್ಕೆ ಕೂಲಿ! ಆತಿಥೇಯರಿಗೆ ಇರುಸುಮುರುಸು, ಕೊಡುವವನಿಗೂ ಸಂಕೋಚ, ಆದರೂ ಕೊಟ್ಟ. ಮರುವರ್ಷ ಫಿಲಡೆಲ್ಫಿಯಾದ ಕ್ವೇಕರ್ ವಾರ್ಷಿಕ ಸಭೆ ಗುಲಾಮರನ್ನಿಟ್ಟುಕೊಂಡ ಸದಸ್ಯರ ಮನೆಗೆ ಹೋಗಿ ತಿಳಿಹೇಳಲು ಕೆಲವರನ್ನು ನೇಮಿಸಿತು, ಅವರಲ್ಲಿ ವುಲ್ಮನ್ ಕೂಡ ಇದ್ದ. 1772ರಲ್ಲಿ ಇಂಗ್ಲೆಂಡಿನ ಯಾರ್ಕ್‌ನಲ್ಲಿ ಸಿಡುಬಿಗೆ ತುತ್ತಾದ. ಅವನು ಸತ್ತು ನಾಲ್ಕು ವರ್ಷಕ್ಕೆ, 1776ರಲ್ಲಿ, ಗುಲಾಮರನ್ನು ಬಿಡದವರಿಗೆ ಸದಸ್ಯತ್ವವಿಲ್ಲ ಎಂದು ಆ ಸಭೆ ಗೊತ್ತುಮಾಡಿತು.