ತುಕ್ಕಿನ ಮೇಲೆ ಬಣ್ಣ ಹೊಡೆಯುವುದು ನ್ಯಾಯವೆ?

ಹಳೆಯ ಕಾರಿನ ಬಣ್ಣ ಸಿಪ್ಪೆ ಸಿಪ್ಪೆಯಾಗಿ ಏಳುತ್ತದೆ. ಒಡೆಯ ಅದನ್ನು ಷೆಡ್ಡಿಗೆ ತಂದು ನಿಲ್ಲಿಸಿ, ‘ಮೇಲೆ ಒಂದು ಕೋಟು ಹೊಡೆದುಬಿಡಪ್ಪ, ಮುಂದಿನ ವಾರ ಮಾರೋದಿದೆ’ ಅನ್ನುತ್ತಾನೆ. ಬಣ್ಣದ ಕೆಲಸದವನು ಉಗುರಿನಿಂದ ಕೆರೆದು ನೋಡುತ್ತಾನೆ. ಒಳಗೆ ತುಕ್ಕು. ಕಣ್ಣಾರೆ ಕಂಡ ಮೇಲೂ ಅವನು ಅದರ ಮೇಲೆ ಬಣ್ಣ ಹೊಡೆಯಬಹುದೆ? ಹೊಡೆದರೆ ಆ ಸುಳ್ಳು ಯಾರದು? ಹೇಳಿ ಮಾಡಿಸಿದವನದೊ, ಕೈಯಾರೆ ಮಾಡಿದವನದೊ?

ಇದೇನು ಗ್ಯಾರೇಜಿನ ಪ್ರಶ್ನೆ, ಇದರಲ್ಲಿ ತತ್ವ ಎಲ್ಲಿದೆ ಎಂದು ಪಂಡಿತರು ಕೇಳಬಹುದು. ಕೇಳಲಿ. ಸತ್ಯ-ಸುಳ್ಳು, ನ್ಯಾಯ-ಅನ್ಯಾಯಗಳ ಮಾತನ್ನು ಮಠದಲ್ಲಿ, ಸೆಮಿನಾರಿನಲ್ಲಿ ಮಾತ್ರ ಆಡಬೇಕು, ಕೈ ಕೊಳೆ ಮಾಡಿಕೊಂಡು ದುಡಿಯುವವನಿಗೆ ಆ ಗೊಡವೆ ಬೇಡ ಎನ್ನುವುದೇ ಈ ದೇಶದ ಹಳೆಯ ಅನ್ಯಾಯ. ಅದಕ್ಕೇ ನಾವು ಷೆಡ್ಡಿನಿಂದಲೇ ಶುರು ಮಾಡುತ್ತೇವೆ.

ಬಣ್ಣ ಸುಮ್ಮನೆ ಏಳುವುದಿಲ್ಲ. ಮುಖ್ಯವಾಗಿ ಮೂರು ಕಾರಣಗಳಿವೆ. ಒಂದು, ಬಿಸಿಲು. ಈಚಿನ ಕಾರುಗಳಲ್ಲಿ ಬಣ್ಣದ ಮೇಲೆ ಗಾಜಿನಂಥ ಇನ್ನೊಂದು ಪದರ ಇರುತ್ತದೆ, ಕ್ಲಿಯರ್ ಕೋಟ್ ಅನ್ನುತ್ತಾರೆ. ವರ್ಷಾನುಗಟ್ಟಲೆ ಬಿಸಿಲು ತಿಂದು ಅದು ಬಿರುಕು ಬಿಟ್ಟು ಹಾವಿನ ಪೊರೆಯಂತೆ ಕಳಚುತ್ತದೆ. ಬಾನೆಟ್ಟು, ಮೇಲ್ಛಾವಣಿ ಮೊದಲು ಹಾಳಾಗುವುದು ಇದರಿಂದ. ಎರಡು, ತುಕ್ಕು. ಕಲ್ಲು ಸಿಡಿದ ಕಡೆ, ಬಾಗಿಲಿನ ತಳದಲ್ಲಿ, ಮಡ್‌ಗಾರ್ಡಿನ ಅಂಚಿನಲ್ಲಿ, ಗಾಜಿನ ರಬ್ಬರಿನ ಸಂದಿಯಲ್ಲಿ ನೀರು ಇಳಿಯುತ್ತದೆ. ಕಬ್ಬಿಣ ತುಕ್ಕಾದಾಗ ಮೊದಲಿಗಿಂತ ಹೆಚ್ಚು ಜಾಗ ಬೇಡುತ್ತದೆ. ಆಗ ಅದು ಕೆಳಗಿನಿಂದ ಬಣ್ಣವನ್ನು ಎತ್ತಿ ಗುಳ್ಳೆ ಎಬ್ಬಿಸುತ್ತದೆ. ಮೂರು, ಮನುಷ್ಯ ಮಾಡಿದ್ದು. ಜಿಡ್ಡು ತೊಳೆಯದೆ, ಮೈ ಉಜ್ಜದೆ, ಹಳೆಯ ಪಾಲಿಶಿನ ಮೇಲೆಯೇ ಹೊಡೆದ ಬಣ್ಣಕ್ಕೆ ಹಿಡಿತ ಇರುವುದಿಲ್ಲ. ಅದು ಬಿದ್ದೇ ಬೀಳುತ್ತದೆ.

ಸರಿಯಾಗಿ ರಿಪೇರಿ ಮಾಡುವುದೆಂದರೆ ಏನು? ಮೊದಲು ಸೋಪಿನ ನೀರಿನಲ್ಲಿ ತೊಳೆದು, ಜಿಡ್ಡು ಒರೆಸಿ, ಎದ್ದ ಬಣ್ಣವನ್ನು ಕೆರೆಯಬೇಕು. ಎಲ್ಲಿಯವರೆಗೆ? ಗಟ್ಟಿಯಾಗಿ ಅಂಟಿಕೊಂಡ ಬಣ್ಣ ಸಿಗುವವರೆಗೆ. ಅಂಗೈಯಗಲ ಗುಳ್ಳೆ ಕಂಡರೆ ಮೊಳದಗಲ ಕೆರೆಯಬೇಕಾಗಿ ಬರಬಹುದು. ತುಕ್ಕಿದ್ದಲ್ಲಿ 80ನೇ ನಂಬರಿನ ಎಮರಿ ಕಾಗದ ಹಿಡಿದು ಬೆಳ್ಳಗಿನ ಲೋಹ ಕಾಣುವ ತನಕ ಉಜ್ಜಬೇಕು. ಸ್ಕ್ರೂ ಡ್ರೈವರಿನಿಂದ ಕುಟ್ಟಿದಾಗ ತಗಡು ತೂತಾದರೆ ಆ ತುಂಡನ್ನೇ ಕತ್ತರಿಸಿ ಹೊಸ ತಗಡು ವೆಲ್ಡ್ ಮಾಡಬೇಕು. ಹಳೆ ಬಣ್ಣದ ಅಂಚು ಬೆರಳಿಗೆ ಮೆಟ್ಟಿಲಿನಂತೆ ತಾಕಬಾರದು, ಇಳಿಜಾರಾಗಬೇಕು. ಆಮೇಲೆ ಲೋಹ ಹಿಡಿಯುವ ಪ್ರೈಮರ್, ತಗ್ಗಿದ್ದರೆ ತೆಳ್ಳಗೆ ಪುಟ್ಟಿ. ಪುಟ್ಟಿಯನ್ನು ಒಣಗಿದಂತೆಯೇ ಉಜ್ಜಬೇಕು. ನೀರು ಹಾಕಿ ಉಜ್ಜಿದರೆ ಅದು ನೀರು ಕುಡಿದು ಮುಂದೊಂದು ದಿನ ಗುಳ್ಳೆಯಾಗಿ ಕಕ್ಕುತ್ತದೆ. ಮತ್ತೆ ಪ್ರೈಮರ್, 400, 600, 800ನೇ ನಂಬರಿನ ವಾಟರ್ ಪೇಪರ್. ಗಾಜಿಗೆ ಹಳೆ ಪೇಪರ್ ಅಂಟಿಸಿ, ತೆಳು ಪದರಗಳಲ್ಲಿ, ಒಂದು ಆರಿದ ಮೇಲೆ ಇನ್ನೊಂದರಂತೆ ಬಣ್ಣ. ಕೊನೆಗೆ ಕ್ಲಿಯರ್ ಕೋಟ್.

ಇದರಲ್ಲಿ ಬಣ್ಣ ಹೊಡೆಯುವುದು ಅತ್ಯಂತ ಸಣ್ಣ ಕೆಲಸ. ಉಳಿದದ್ದೆಲ್ಲ ಕೆರೆಯುವುದು, ಉಜ್ಜುವುದು, ಕಾಯುವುದು. ಆದರೆ ಒಡೆಯನ ಕಣ್ಣಿಗೆ ಬೀಳುವುದು ಕೊನೆಯ ಹೊಳಪು ಮಾತ್ರ. ಕೆರೆಯುವ ಕೂಲಿ ಅವನಿಗೆ ದಂಡ ಅನ್ನಿಸುತ್ತದೆ. ‘ಅಷ್ಟೆಲ್ಲ ಯಾಕೆ, ಪುಟ್ಟಿ ಮೆತ್ತಿ ಹೊಡಿ’ ಅನ್ನುತ್ತಾನೆ. ತುಕ್ಕು ಸ್ಪಂಜಿನಂಥದ್ದು, ತೇವ ಹಿಡಿದಿಡುತ್ತದೆ. ಮೇಲೆ ಬಣ್ಣ ಮುಚ್ಚಿದರೂ ಒಳಗೆ ತಿನ್ನುವುದು ನಿಲ್ಲುವುದಿಲ್ಲ. ನಿಲ್ಲುವುದು ನಮ್ಮ ನೋಟ ಮಾತ್ರ. ಒಂದು ಮಳೆಗಾಲ ಕಳೆಯಲಿ, ಅದೇ ಜಾಗದಲ್ಲಿ ಗುಳ್ಳೆ. ಅಷ್ಟರಲ್ಲಿ ಕಾರು ಇನ್ಯಾರದೋ ಮನೆ ಮುಂದೆ ನಿಂತಿರುತ್ತದೆ.

ಹಾಗಾದರೆ ಸುಳ್ಳು ಯಾರದು? ಕೆಲಸದವನು ಸತ್ಯವಂತನಾಗಿದ್ದರೆ ಒಲ್ಲೆ ಅನ್ನಬೇಕಿತ್ತು ಎಂದು ಹೊಟ್ಟೆ ತುಂಬಿದವರು ಥಟ್ಟನೆ ಹೇಳುತ್ತಾರೆ. ಅವನು ಒಲ್ಲೆ ಅಂದರೆ ಗಾಡಿ ಪಕ್ಕದ ಷೆಡ್ಡಿಗೆ ಹೋಗುತ್ತದೆ. ಇವನ ಮನೆಯಲ್ಲಿ ಆ ವಾರ ಒಲೆ ಹೊತ್ತುವುದಿಲ್ಲ. ಹೊಡೆಸಿದವನಿಗೆ ಲಾಭ, ಒಲ್ಲೆ ಅಂದವನಿಗೆ ಉಪವಾಸ! ಸತ್ಯಕ್ಕೆ ಒಂದು ಬೆಲೆ ಇದೆ. ಆ ಬೆಲೆಯನ್ನು ಎಲ್ಲರಿಗಿಂತ ಬಡವನ ಕೈಯಿಂದಲೇ ವಸೂಲು ಮಾಡುವ ಸಮಾಜಕ್ಕೆ ಸತ್ಯದ ಉಪದೇಶ ಮಾಡುವ ಯೋಗ್ಯತೆ ಇಲ್ಲ.

ಹಾಗಂತ ನಾವು, ಪಾಪ ಬಡವ, ಏನು ಮಾಡಿದರೂ ಸರಿ ಎಂದು ಕೈತೊಳೆದುಕೊಳ್ಳಲಾರೆವು. ಅದು ಕನಿಕರ. ಕನಿಕರ ತೋರುವವನು ದುಡಿಯುವವನನ್ನು ವಿವೇಚನೆ ಇರುವ ಮನುಷ್ಯನೆಂದು ಲೆಕ್ಕಕ್ಕೇ ತೆಗೆದುಕೊಂಡಿರುವುದಿಲ್ಲ. ತುಕ್ಕನ್ನು ಮೊದಲು ಕಂಡವನು ಅವನೇ. ಆ ಕಾರಿನ ಬಗ್ಗೆ ಒಡೆಯನಿಗಿಂತ ಹೆಚ್ಚು ತಿಳಿದವನೂ ಅವನೇ. ತಿಳಿವಳಿಕೆ ಇರುವಲ್ಲಿ ಹೊಣೆಯೂ ಇದೆ. ಮಾಡುವುದು ಬಿಡುವುದು ಅವನ ಕೈಯಲ್ಲಿ ಇಲ್ಲದಿರಬಹುದು. ಕಂಡದ್ದನ್ನು ಹೇಳುವುದು?

1936ರಲ್ಲಿ ಲಾಹೋರಿನ ಜಾತ್-ಪಾತ್ ತೋಡಕ್ ಮಂಡಲ ಬಾಬಾಸಾಹೇಬ ಅಂಬೇಡ್ಕರರನ್ನು ಅಧ್ಯಕ್ಷ ಭಾಷಣಕ್ಕೆ ಕರೆಯಿತು. ಜಾತಿ ಮುರಿಯುತ್ತೇವೆಂದೇ ಹುಟ್ಟಿಕೊಂಡ ಸಂಘ ಅದು. ಭಾಷಣದ ಪ್ರತಿ ಕೈಗೆ ಬಂದಾಗ ವೇದಶಾಸ್ತ್ರಗಳ ಬಗೆಗಿನ ಮಾತು ಕಂಡು ಬೆಚ್ಚಿದರು. ತಿದ್ದಿಕೊಡಿ ಎಂದರು. ಬಾಬಾಸಾಹೇಬರು ತಿದ್ದಲಿಲ್ಲ. ಸಮ್ಮೇಳನವೇ ರದ್ದಾಯಿತು. ಆ ಭಾಷಣವನ್ನು ತಮ್ಮ ಖರ್ಚಿನಲ್ಲೇ ಅಚ್ಚು ಹಾಕಿಸಿದರು. ಅದೇ ‘ಜಾತಿ ವಿನಾಶ’. ಕರೆದವರಿಗೆ ಬೇಕಾಗಿದ್ದುದು ಒಂದು ಹೊಸ ಕೋಟು. ಅವರು ತುಕ್ಕು ಎಲ್ಲಿದೆ ಅಂತ ತೋರಿಸಿದರು.

ಅಂಥ ಎದೆಗಾರಿಕೆ ಒಬ್ಬೊಬ್ಬರಿಗೆ ಬರುತ್ತದೆ. ಎಲ್ಲ ಕೂಲಿಕಾರನೂ ಒಂಟಿಯಾಗಿ ಅಂಬೇಡ್ಕರ್ ಆಗಬೇಕು ಅನ್ನುವುದು ಇನ್ನೊಂದು ಅನ್ಯಾಯ. ಬೀದಿಯ ಹತ್ತು ಷೆಡ್ಡಿನವರು ಸೇರಿ ‘ತುಕ್ಕಿನ ಮೇಲೆ ನಾವ್ಯಾರೂ ಹೊಡೆಯಲ್ಲ’ ಅಂದರೆ ಒಡೆಯ ಗಾಡಿ ಎಲ್ಲಿಗೆ ಒಯ್ಯುತ್ತಾನೆ? ಹಸಿದವನಿಗೆ ಸತ್ಯ ಹೇಳುವುದಕ್ಕೂ ಸಂಘಟನೆ ಬೇಕು. ನೀತಿ ಒಬ್ಬೊಬ್ಬನ ಆತ್ಮದ ವಿಷಯ ಎಂದು ನಮಗೆ ಕಲಿಸಿದವರು ಈ ಮಾತನ್ನು ಮುಚ್ಚಿಟ್ಟಿದ್ದಾರೆ.

ಈ ಸಂಘಟನೆ ಸತ್ಯಕ್ಕೆ ಮಾತ್ರವಲ್ಲ, ಉಸಿರಿಗೂ ಬೇಕು. ಗಟ್ಟಿ ಮಾಡುವ ರಾಸಾಯನಿಕ ಬೆರೆಸಿ ಹೊಡೆಯುವ ಈಗಿನ ಬಣ್ಣಗಳಲ್ಲಿ ಐಸೋಸಯನೇಟ್ ಇರುತ್ತದೆ. ಅದು ಉಬ್ಬಸ ತರುತ್ತದೆ. ಹಳೆಯ ಬಣ್ಣ ಉಜ್ಜಿದರೆ ಸೀಸದ ಧೂಳು ಏಳಬಹುದು. ಮನೆಗೆ ಬಳಿಯುವ ಬಣ್ಣದಲ್ಲಿ ಸೀಸ ಹತ್ತು ಲಕ್ಷಕ್ಕೆ 90 ಭಾಗ ಮೀರಬಾರದೆಂದು ಸರ್ಕಾರ 2016ರಲ್ಲಿ ನಿಯಮ ಮಾಡಿತು. ಆ ನಿಯಮ ಗೃಹಬಳಕೆಯ ಬಣ್ಣಕ್ಕೆ. ಷೆಡ್ಡಿನ ಹುಡುಗ ಮೂಗಿಗೆ ಕರ್ಚೀಫು ಕಟ್ಟಿಕೊಂಡು ಉಜ್ಜುತ್ತಾನೆ. ಆ ಧೂಳನ್ನು ಕರ್ಚೀಫು ತಡೆಯುವುದಿಲ್ಲ.

ಈಗ ನಮ್ಮ ಮಾತು. ಮನೆಗೆ ಮೊದಲ ಡಿಗ್ರಿ ತಂದ ನಮ್ಮಂಥವರನ್ನು ಏಪ್ರಿಲ್ 14 ಬಂದರೆ ವೇದಿಕೆಗೆ ಕರೆಯುತ್ತಾರೆ, ಶಾಲು ಹೊದಿಸುತ್ತಾರೆ. ಅದೇ ಊರಿನ ಶಾಲೆಯ ಗೋಡೆಯ ಮೇಲೆ ಸಮಾನತೆಯ ಚಿತ್ರ ಇರುತ್ತದೆ. ಒಳಗೆ ದಲಿತ ಹೆಂಗಸು ಮಾಡಿದ ಬಿಸಿಯೂಟ ಮಕ್ಕಳಿಗೆ ಬೇಡ ಅಂತ ತಂದೆತಾಯಿಗಳು ಟಿ.ಸಿ. ಕೇಳುತ್ತಾರೆ. ಸಂವಿಧಾನದ 17ನೇ ವಿಧಿ 1950ರಿಂದ ಇದೆ. ದೌರ್ಜನ್ಯ ತಡೆ ಕಾಯಿದೆ 1989ರದು. ಇವು ಬಣ್ಣವಲ್ಲ, ಇವು ಎಮರಿ ಕಾಗದ. ಹಿಡಿದು ಉಜ್ಜುವ ಕೈ ಬೇಕು. ಆದರೆ ಊರಿಗೆ ಬೇಕಾಗಿರುವುದು ಉಜ್ಜುವ ಕೈಯಲ್ಲ, ನಮ್ಮ ಹೊಸ ಮುಖದ ಹೊಳಪು. ‘ನೋಡಿ, ಎಲ್ಲ ಸರಿಹೋಗಿದೆ’ ಎಂದು ತೋರಿಸಲು ನಾವೇ ಒಂದು ಕೋಟು ಆಗಬೇಕು.

ಹಾಗಾದರೆ ಇಡೀ ಗಾಡಿಯನ್ನೇ ಗುಜರಿಗೆ ಹಾಕೋಣ ಅನ್ನುವ ಗೆಳೆಯರಿದ್ದಾರೆ. ಅವರ ಸಿಟ್ಟು ನಮಗೆ ಅರ್ಥವಾಗುತ್ತದೆ. ಆದರೆ ಈ ದೇಶದ ತಗಡು ಬಡಿದವರು ನಮ್ಮ ಅಪ್ಪಂದಿರು, ಅವ್ವಂದಿರು. ಜಾತಿ ತುಕ್ಕು, ದೇಶ ತುಕ್ಕಲ್ಲ. ತೂತಾದ ತುಂಡನ್ನು ಕತ್ತರಿಸಿ ಎಸೆಯಬೇಕು, ಗಟ್ಟಿ ಇರುವುದನ್ನು ಉಳಿಸಿಕೊಳ್ಳಬೇಕು. ಯಾವುದು ಗಟ್ಟಿ, ಯಾವುದು ತೂತು ಎಂದು ಹೇಳಬೇಕಾದವರು ದೂರ ನಿಂತು ಹೊಳಪು ನೋಡುವವರಲ್ಲ, ಕೆರೆದು ನೋಡಿದವರು.

ಅಲ್ಲಿಯವರೆಗೆ ಕನಿಷ್ಠ ಒಂದು ಕೆಲಸ ಆಗಬೇಕು. ಒಡೆಯನ ಬಲವಂತಕ್ಕೆ ಬಣ್ಣ ಹೊಡೆಯಲೇಬೇಕಾಗಿ ಬಂದಾಗ ಷೆಡ್ಡಿನವರು ಬಿಲ್ಲಿನ ಮೇಲೆ ಒಂದು ಸಾಲು ಬರೆಯಲಿ: ‘ಬಾಗಿಲ ತಳದಲ್ಲಿ ತುಕ್ಕಿದೆ, ಕತ್ತರಿಸಿಲ್ಲ, ಮಾಲೀಕರ ಮಾತಿನಂತೆ ಬಣ್ಣ ಹೊಡೆದಿದೆ.’ ಒಬ್ಬರಲ್ಲ, ಬೀದಿಯವರೆಲ್ಲ ಬರೆಯಲಿ. ಹಳ್ಳಿಯ ಮೇಷ್ಟರು ವಾರ್ಷಿಕೋತ್ಸವದ ವರದಿಯಲ್ಲಿ ಬಿಸಿಯೂಟದ ಸಂಗತಿಯನ್ನು ಬರೆಯಲಿ. ಶಾಲು ಹೊದಿಸಿಕೊಂಡ ಕವಿ ಅದೇ ಮೈಕಿನಲ್ಲಿ ಆ ಊರಿನ ಬಾವಿಯ, ಹೋಟೆಲಿನ, ದೇವಸ್ಥಾನದ ಬಾಗಿಲಿನ ಮಾತೆತ್ತಲಿ. ಮುಂದಿನ ವರ್ಷ ಕರೆಯದಿದ್ದರೆ ಬೇಡ. ಆ ಸಂಜೆ ಕೇರಿಯಲ್ಲಿ ಸಭೆ ಇರುತ್ತದೆ, ಅಲ್ಲಿಗೆ ಹೋದರಾಯಿತು.